ಹಗ್ಗದ ಆ ತುದಿ

ಡೆನಿಸ್ ಅವರ ಮನೆಯ ಬಾಗಿಲನ್ನು ಯಾರೂ ಎರಡು ಸಲ ತಟ್ಟಿದ್ದಿಲ್ಲ. ಮೊದಲ ಸಲಕ್ಕೇ ತೆರೆದುಬಿಡುತ್ತಿದ್ದರು, ಒಮ್ಮೆಯಂತೂ ಅರ್ಧ ಮುಖಕ್ಕೆ ಶೇವಿಂಗ್ ಸೋಪು ಮೆತ್ತಿಕೊಂಡೇ. ಎಡಿಸನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಐರ್ಲೆಂಡಿನ ಹಳ್ಳಿಯೊಂದರಿಂದ ಬಂದ ಒಂಟಿ ಮುದುಕ. "ಬಾಗಿಲ ಹಿಂದೇನೇ ಚೇರ್ ಹಾಕ್ಕೊಂಡು ಕಾಯ್ತಾ ಇರ್ತಾರೆ ಕಣ್ರೀ ಅಂಕಲ್ಲು," ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಅವರ ಇಂಗ್ಲಿಷು ನನ್ನ ಕಿವಿಗೆ ಹತ್ತಲು ವರ್ಷ ಹಿಡಿಯಿತು. ಆಮೇಲೆ ಕೇಳಿದ್ದೆಲ್ಲ ಅವರೂರಿನ ಹೊಳೆಯ ಮಾತೇ. ಮುತ್ತಜ್ಜಂದಿರ ಕಾಲದಿಂದಲೂ ಅಲ್ಲಿ ಸಾಲ್ಮನ್ ಮೀನು ಹಿಡಿಯುತ್ತಿದ್ದುದು ಜೋಡಿ ದೋಣಿಗಳಲ್ಲಿ. ನಡುವೆ ಒಂದೇ ಬಲೆ, ಬಲೆಯ ಹಗ್ಗದ ಒಂದೊಂದು ತುದಿ ಒಂದೊಂದು ದೋಣಿಯವನ ಕೈಯಲ್ಲಿ. ನೀರಿನ ಮೇಲೆ ಮಾತಾಡುವಂತಿಲ್ಲ. "ಹಗ್ಗಾನ ಒಂದ್ಸಲ ಎಳೆದ ಹಾಗಾದ್ರೆ ಕಸ, ಕಡ್ಡಿ. ಸುಮ್ನಿರಬೇಕು. ಇನ್ನೊಂದ್ಸಲ ಎಳೆದ್ರೆ ಮೀನು. ಆಗ ಇಬ್ರೂ ಬಲೆ ಎತ್ತಬೇಕು. ನಮ್ಮಪ್ಪ ಕಲಿಸಿದ್ದು ಅಷ್ಟೇ," ಎನ್ನುತ್ತಿದ್ದರು. ಈಗ ಮೀನು ಕಡಿಮೆಯಾಗಿ ಸರ್ಕಾರ ಬಲೆ ಹಾಕುವುದನ್ನೇ ನಿಲ್ಲಿಸಿದೆಯಂತೆ. ಹಳೆಯ ದೋಣಿಯೊಂದಕ್ಕೆ ಮಣ್ಣು ತುಂಬಿ ಹೂಗಿಡ ನೆಟ್ಟಿದ್ದಾರೆ. ಆ ಫೋಟೋ ತೋರಿಸುವಾಗ ಕೆಟ್ಟದಾಗಿ ಬೈದಿದ್ದರು. ಇಷ್ಟಾದರೂ ನಮ್ಮ ರಾರಿಟನ್ ಹೊಳೆಯ ದಂಡೆಗೆ ವಾಕಿಂಗ್ ಕರೆದರೆ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರ ಹಿತ್ತಲಿನ ನೀರಿನ ಪೈಪು ಬಿಡಿಸಿಕೊಡುತ್ತಿದ್ದೆ. ಒಂದು ತುದಿ ಅವರ ಕೈಯಲ್ಲಿತ್ತು, ನಾನು ಗೋಡೆಯ ಮರೆಯಲ್ಲಿದ್ದೆ. ಪೊದೆಗೆ ಸಿಕ್ಕಿಕೊಂಡಿತೆಂದು ಸ್ವಲ್ಪ ಎಳೆದೆ. ತಕ್ಷಣ ಪೈಪು ನನ್ನ ಕೈಯಿಂದ ಜಾರಿ ಸರಸರನೆ ಅವರ ಕಡೆಗೆ ಹೋಗತೊಡಗಿತು. ಓಡಿಹೋಗಿ ಎದುರಿಗೆ ನಿಂತೆ; ಡೆನಿಸ್ ಎರಡೂ ಕೈಯಿಂದ ಎಳೆದುಕೊಳ್ಳುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು.

ಅಂದು ಹೇಳಿದರು. ಇನ್ನೊಂದು ದೋಣಿಯಲ್ಲಿ ಇರುತ್ತಿದ್ದವನು ಅವರ ತಮ್ಮ ಟಾಮ್. ಒಂದು ಬೆಳಗ್ಗೆ ದಟ್ಟ ಮಂಜು. ಹಗ್ಗವನ್ನು ಒಮ್ಮೆ ಎಳೆದಂತಾಯಿತು. ಅಪ್ಪ ಕಲಿಸಿದಂತೆ ಡೆನಿಸ್ ಎರಡನೆಯದಕ್ಕೆ ಕಾದರು. ಮಂಜು ಸರಿದಾಗ ಆಚೆಯ ದೋಣಿ ಖಾಲಿ ಇತ್ತು.

"ಅದು ಮೀನೇ ಇರಬಹುದು, ಅಲ್ವಾ?" ಎಂದು ಕೇಳಿದರು. ಬಾಗಿಲಿನ ವಿಷಯಕ್ಕೆ ನಗುವುದನ್ನು ನಾವು ಅಂದೇ ಬಿಟ್ಟೆವು. ಆ ಪ್ರಶ್ನೆಯನ್ನು ಆಮೇಲೆ ಎಷ್ಟು ಸಲ ಕೇಳಿದರೋ. ಪ್ರತಿ ಸಲವೂ ನಾನು ಮಾತು ತೇಲಿಸಿದೆ.

ಈ ಚಳಿಗಾಲದಲ್ಲಿ ತೀರಿಕೊಂಡರು. ಹಿಂದಿನ ದಿನ ಆಸ್ಪತ್ರೆಗೆ ಹೋಗಿದ್ದೆ. ಕಣ್ಣು ಮುಚ್ಚಿಕೊಂಡೇ ಅದನ್ನೇ ಕೇಳಿದರು. ಹೋಗುವ ಜೀವಕ್ಕೆ ಅಷ್ಟು ಸಮಾಧಾನ ಬೇಡವೇ? "ಹೌದು ಡೆನಿಸ್, ಅದು ಮೀನೇ," ಎಂದೆ.

ಕಣ್ಣು ತೆರೆದು, ನನ್ನ ಮೇಲೆಯೇ ಕರುಣೆ ಬಂದವರಂತೆ ನೋಡಿದರು.

"ಮೀನಾಗಿದ್ರೆ ಇನ್ನೊಂದ್ಸಲ ಎಳೀತಿತ್ತಪ್ಪ," ಎಂದರು.