ಕರುಳಿನ ಮಾಸ್ತರರು
ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮಾರ್ತಾಂಡರಾಯರ ದೃಷ್ಟಿಯಲ್ಲಿ ಮನುಷ್ಯನೆಂದರೆ ಒಂದು ಕರುಳು; ಕೈಕಾಲು, ತಲೆಗಳೆಲ್ಲ ಅದರ ಆಳುಕಾಳು. ಬೆಳಗಿನ ಸಂಧ್ಯಾವಂದನೆ ಮುಗಿದೊಡನೆ ಸೈಕಲ್ಲಿನಲ್ಲಿ ಬೆಟಗೇರಿಯ ಕಸಾಯಿ ಅಂಗಡಿಗೆ ಹೋಗಿ ಆಡಿನ ಕರುಳು ತರುತ್ತಿದ್ದರು. ಅದನ್ನು ಅಂಗಿಯ ತೋಳಿನಂತೆ ಒಳಹೊರಗು ಮಾಡಿ, ನೇಕಾರರು ಕೊಟ್ಟ ರೇಷ್ಮೆ ಎಳೆಯಿಂದ ಬಿಗಿದು, ಸಕ್ಕರೆನೀರಿನಲ್ಲಿ ಇಳಿಬಿಡುತ್ತಿದ್ದರು. ನೀರಿಗೆ ಚಿಟಿಕೆ ಉಪ್ಪು ಬಿದ್ದರೆ ಕರುಳು ಸಕ್ಕರೆಯನ್ನೂ ನೀರನ್ನೂ ಭರದಿಂದ ಹೀರುತ್ತದೆಂಬುದು ಅವರ ಬದುಕಿನ ಪರಮಾನಂದ. ಮದುವೆಯೂಟದಲ್ಲಿ ಪಕ್ಕದವರ ಪಾನಕಕ್ಕೂ ಉಪ್ಪು ಹಾಕಿಬಿಡುತ್ತಿದ್ದರು. ಆಕ್ಷೇಪಿಸಿದವರು ಪೂರ್ತಿ ಪಾಠ ಕೇಳಬೇಕಾಗುತ್ತಿತ್ತು. "ಇವರಿಗೆ ನನ್ನ ಹೆಸರು ಮರತೀತು, ಆಡಿನ ಕರಳ ಮರಿಯೂದಿಲ್ಲ" ಎಂದು ಹೆಂಡತಿ ನರ್ಮದಾಬಾಯಿ ಬೈಯುತ್ತಿದ್ದರು. ಎಪ್ಪತ್ತೇಳನೇ ಇಸವಿಯ ಬೇಸಿಗೆಯಲ್ಲಿ ಹತ್ತಿರದ ಕಳಸಾಪುರದಲ್ಲಿ ವಾಂತಿಭೇದಿ ಹಬ್ಬಿದಾಗ ರಾಯರು ಅಲ್ಲಿಗೆ ಓಡಿದರು. ಆ ಊರಿನ ಮುದುಕಿ ನೀಲಗಂಗವ್ವನ ಪುಟ್ಟ ಮೊಮ್ಮಗಳು ಕಣ್ಣು ಗುಳಿಬಿದ್ದು, ಅಳಲು ಕಣ್ಣೀರೂ ಇಲ್ಲದೆ ಒಣಗಿದ್ದಳು. "ಭೇದಿ ಆದ ಕೂಸಿಗೆ ನೀರು ಕುಡಸ್ತಾರೇನ್ರೀ? ಕುಡಿಸಿದಷ್ಟೂ ಹರೀತೈತಿ!" ಎಂದು ಅಜ್ಜಿ ಅಡ್ಡ ಬಂದಳು. "ಹರೀಲಿ ಬಿಡವಾ, ಅದಕಿಂತ ಹೆಚ್ಚು ಒಳಗ ಹೋಗ್ತದ. ಕರಳ ನನಗ ಸುಳ್ಳು ಹೇಳಿಲ್ಲ" ಎಂದ ರಾಯರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಬೆರೆಸಿ ಚಮಚದಿಂದ ಹನಿಸುತ್ತ ಕುಳಿತರು. ಅದು ಕಾರಿಕೊಂಡಾಗ ಸ್ವಲ್ಪ ತಡೆದು ಮತ್ತೆ ಹನಿಸಿದರು. ಹೊತ್ತು ಇಳಿಯುವಾಗ ಅವರ ಧೋತರ ಬೆಚ್ಚಗೆ ಒದ್ದೆಯಾಯಿತು. ಬೆಳಗಿನಿಂದ ಉಚ್ಚೆಯೇ ಕಾಣದಿದ್ದ ಕೂಸು ಉಚ್ಚೆ ಹೊಯ್ದಿತ್ತು. ಮೈಯಲ್ಲಿ ನೀರು ನಿಂತಿತ್ತು. "ಗೆದ್ದಳು! ನಿನ್ನ ಮೊಮ್ಮಗಳು ಗೆದ್ದಳು!" ಎಂದು ರಾಯರು ಓಣಿಗೆಲ್ಲ ಕೇಳುವಂತೆ ಕೂಗಿದರು. "ಅಯ್ಯ ನಮ್ಮಪ್ಪ, ಧೋತರ ಹೊಲಸಾತಲ್ರೀ, ಕೂಸಿನ್ನ ಇತ್ತ ಕೊಡ್ರಿ" ಎಂದು ನೀಲಗಂಗವ್ವ ಅಳುತ್ತ ನಗುತ್ತ ಕೈಚಾಚಿದಳು. ರಾಯರು ಕೊಡಲಿಲ್ಲ. "ತಡಿಯವಾ, ಇನ್ನೊಮ್ಮೆ ಹೊಯ್ಲಿ!"