ಉಪದೇಶಿಯವರು ನುಂಗಿದ ಸಾಲು

ಮಾತು ಹೊರಡುವ ಮುಂಚೆ ನಮ್ಮ ಉಪದೇಶಿಯವರ ಗಂಟಲಿನ ಗಂಟು ಎರಡು ಸಲ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಮೂರನೆಯ ಸಲಕ್ಕೆ ದನಿ. ಮಸ್ಕಿಯ ನಮ್ಮ ಸಣ್ಣ ಚರ್ಚಿನಲ್ಲಿ ಇದನ್ನು ಗಮನಿಸಿದವನು ನಾನೊಬ್ಬನೇ. ಉಳಿದವರು ಪ್ರಸಂಗ ಕೇಳಲು ಬರುತ್ತಿದ್ದರು, ನಾನು ಅವರ ದನಿ ಕದಿಯಲು. ಕನ್ನಡಿ ಮುಂದೆ ನಿಂತು ಆ ಗಂಟನ್ನು ಆಡಿಸಲು ಪಟ್ಟ ಕಷ್ಟವನ್ನು ಪಿಯುಸಿ ಓದಲು ಪಟ್ಟಿದ್ದರೆ ಇವತ್ತು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಹುಡುಕುತ್ತ ಕೂರುತ್ತಿರಲಿಲ್ಲ.

ಅವರಿಗೂ ಇದು ಗೊತ್ತಿತ್ತು. "ಲೇ, ನಿನ್ನೆ ನನ್ನಂಗ ಪ್ರಾರ್ಥನಾ ಮಾಡಿ ತೋರಿಸಿದೆಂತಲ್ಲ. ಆಮೆನ್ ಆದ್ರೂ ಖರೇನ ಅಂದ್ಯೋ ಇಲ್ಲೋ?" ಎಂದು ಕೇಳುತ್ತಿದ್ದರು.

ಒಂಟಿ ಮನುಷ್ಯ. ಗುರುಗುಂಟಾದಲ್ಲಿ ಯಾರಿಗೋ ಜ್ವರ ಎಂದರೆ ಬಸ್ ಹತ್ತಿ ಹೋಗಿ ಪ್ರಾರ್ಥನೆ ಮಾಡಿ, ಆ ಮನೆಯ ಎಮ್ಮೆಗೂ ಒಂದು ಪ್ರಾರ್ಥನೆ ಹೇಳಿ ಬರುವವರು. "ಜ್ವರ ಬಿಟ್ಟ ಮ್ಯಾಲ ಕುಡಿಯಾಕ ಹಾಲು ಬೇಕಲ್ಲಪ" ಎನ್ನುವರು.

ಅವರಿಗೊಬ್ಬ ತಮ್ಮ ಇದ್ದ, ಲಿಂಗಸುಗೂರಿನಲ್ಲಿ ಟೇಲರ್. ತಾಯಿಯ ಮಣ್ಣಿಗೆ ಬರಲಿಲ್ಲವೆಂದು ಉಪದೇಶಿಯವರು ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕ್ಷಮೆಯ ಬಗ್ಗೆ ಪ್ರಸಂಗ ಹೇಳುವ ದಿನ ಮಾತ್ರ ಗಂಟಲಿನ ಗಂಟು ನಾಲ್ಕೈದು ಸಲ ಆಡುತ್ತಿತ್ತು.

ನಾನೊಮ್ಮೆ ಆ ಟೇಲರನ ಹತ್ತಿರ ಪ್ಯಾಂಟು ಹೊಲಿಸಲು ಹೋಗಿ ಅವನ ದನಿಯನ್ನೂ ತಂದಿದ್ದೆ. ಪ್ಯಾಂಟು ಬಿಗಿಯಾಯಿತು, ದನಿ ಸರಿಯಾಗಿ ಕೂತಿತು. ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ಗೆಳೆಯನ ಫೋನಿನಿಂದ ಉಪದೇಶಿಯವರಿಗೆ ಹಚ್ಚಿದೆ. "ಅಣ್ಣಾ, ನಾನು. ಮಸ್ಕಿಗೆ ಬರಾಕತ್ತೀನಿ" ಎಂದೆ, ಮೂಗಿನಲ್ಲಿ. ಅವರು ಬೈಯುತ್ತಾರೆ, ನಾನು ನಕ್ಕು ಹೆಸರು ಹೇಳುತ್ತೇನೆ, ಇಷ್ಟೇ ಅಂದುಕೊಂಡಿದ್ದು. ಆ ಕಡೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, "ಬಾರೋ ತಮ್ಮಾ. ಉಂಡು ಬರಬ್ಯಾಡ" ಎಂದರು.

ನಾನು ಫೋನ್ ಇಟ್ಟುಬಿಟ್ಟೆ.

ನಿಜ ಹೇಳುವ ಧೈರ್ಯ ಬರಲು ಸಂಜೆಯಾಯಿತು. ಮನೆಗೆ ಹೋದರೆ ಬೀಗ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿದ್ದರು. ಲಿಂಗಸುಗೂರಿನ ಬಸ್ ಬಂದಾಗೆಲ್ಲ ಎದ್ದು ಹೋಗಿ, ಕೊನೆಯ ಮನುಷ್ಯ ಇಳಿಯುವವರೆಗೆ ನೋಡಿ, ಮತ್ತೆ ಬಂದು ಕೂರುತ್ತಿದ್ದರು.

"ಅಯ್ಯನವರ, ಅದು ನಾನ್ರೀ."

"ಏನು ನೀನು?"

"ಮಧ್ಯಾಹ್ನ ಫೋನ್ ಹಚ್ಚಿದ್ದು."

ಅವರು ನಂಬಲಿಲ್ಲ. "ಹಂಗಾರ ಇನ್ನೊಮ್ಮೆ ಅನ್ನು ನೋಡೋಣು."

ಅಂದೆ. ಕಣ್ಣು ಮುಚ್ಚಿ ಕೇಳಿದರು. "ಸಾಕು" ಎಂದು ಎದ್ದು ಮನೆ ಕಡೆ ನಡೆದರು. ಬೈದಿದ್ದರೆ ಆ ಬೈಗುಳವನ್ನೂ ಕಲಿತು ನಾಲ್ಕು ಮಂದಿಗೆ ತೋರಿಸುತ್ತಿದ್ದೆನೇನೋ.

ಮುಂದಿನ ರವಿವಾರ ಚರ್ಚಿನಲ್ಲಿ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಬಂತು. ಉಪದೇಶಿಯವರ ದನಿ ಅಲ್ಲಿ ಇರಲಿಲ್ಲ. ಉಳಿದವರ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಮುಂದಿನ ಸಾಲಿಗೆ ದನಿ ತಿರುಗಿ ಬಂತು. ಮರುವಾರವೂ ಹಾಗೇ. ಮೂರನೆಯ ವಾರ ತಡೆಯಲಾಗದೆ ಅವರ ಮನೆಗೆ ಹೋದೆ. ಅಕ್ಕಿ ಆರಿಸುತ್ತ ಕೂತಿದ್ದರು.

"ಆ ಒಂದು ಸಾಲಿಗೆ ನಿಮ್ಮ ದನಿ ಬರವಲ್ದ್ರೀ."

"ಮಂದಿ ಯಾರೂ ಹಿಡೀಲಿಲ್ಲ. ಕಳ್ಳ, ನೀನ ಹಿಡಿದಿ."

"ನನ್ನ ಸಲುವಾಗೇನ್ರೀ?"

"ಹೂನಪ. ಅಲ್ಲಿ ಬಾಯಿ ತೆರದ್ರ ಸುಳ್ಳು ಹೇಳಿದಂಗ ಆಕ್ಕೈತಿ. ತಮ್ಮನ ಮ್ಯಾಲೆ ಸಿಟ್ಟು ಇಟ್ಕೊಂಡು ಹನ್ನೊಂದು ವರ್ಷ ಹೇಳಿದ್ದ ಸಾಕು. ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ. ದಿನಾ ಮುಂಜಾನೆ ನಿನ್ನ ಹೆಸರು ಹಿಡಿದು ಬೇಡಾಕತ್ತೀನಿ. ಮದ್ಲ ಇವಗ ಬುದ್ಧಿ ಕೊಡಪ್ಪಾ ಅಂತಿದ್ದೆ. ಅದು ಆಗೂ ಮಾತಲ್ಲ ಅಂತ, ಈಗ ನನಗ ಕೊಡು ಅಂತೀನಿ."

ನಗು ಬಂತು, ಅದರ ಹಿಂದೆಯೇ ಅಳು ಬಂತು. ಹೊರಡಲು ಎದ್ದೆ. ಮೊರವನ್ನು ನನ್ನ ಕಡೆ ಸರಿಸಿದರು.

"ಸಿಟ್ಟೈತಿ ಅಂದೀನಿ, ಹೋಗು ಅಂದಿಲ್ಲ. ಕಲ್ಲು ಆರಿಸು."

ಅವತ್ತಿನಿಂದ ದಿನಾ ಸಂಜೆ ಹೋಗುತ್ತಿದ್ದೆ. ಕೆಲವು ದಿನ ಮಾತಾಡುತ್ತಿದ್ದರು, ಕೆಲವು ದಿನ ಇಲ್ಲ. ಏಳನೆಯ ರವಿವಾರ ಅವರ ಬಾಯಿಂದ ಆ ಸಾಲು ಬಂತು. ಒಡೆದ ದನಿ, ಎಲ್ಲರಿಗಿಂತ ಒಂದು ಪದ ಹಿಂದೆ. ನಾನು ನನ್ನ ಪ್ರಾರ್ಥನೆ ಮರೆತು ನಿಂತೆ.

ಹೊರಗೆ ಬಂದ ಮೇಲೆ ಕೇಳಿದೆ. "ಹೋತೇನ್ರೀ ಸಿಟ್ಟು?"

"ಇವತ್ತಿಗೆ ಹೋಗೈತಿ. ನಾಳಿಂದು ನಾಳೆ ಬೇಡ್ತೀನಿ."

ಆ ವಾರವೇ ಒಬ್ಬರೇ ಲಿಂಗಸುಗೂರಿಗೆ ಹೋಗಿ ಬಂದರು. ಅಣ್ಣ ತಮ್ಮ ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಹೊಸ ಅಂಗಿಯ ತೋಳು ಎಳೆದು ತೋರಿಸಿ, "ಗಿಡ್ಡ ಹೊಲದಾನ. ಇರಲಿ, ಹೊಲದಾನಲ್ಲ" ಎಂದರು.

ಈ ಬೇಸಿಗೆಯಲ್ಲಿ ಉಪದೇಶಿಯವರು ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ತಮ್ಮನಿಗೆ ನಾನೇ ಫೋನ್ ಹಚ್ಚಿದೆ, ನನ್ನದೇ ದನಿಯಲ್ಲಿ. "ಬರ್ತೀನಿ" ಎಂದ. ಮರುದಿನ ಹೊತ್ತು ಇಳಿಯುವವರೆಗೆ ಮಣ್ಣು ಮಾಡದೆ ಕಾದೆವು. ಪ್ರತಿ ಬಸ್ಸಿಗೂ ನಾನೇ ಹೋಗಿ ನಿಂತೆ. ಅವನು ಬರಲಿಲ್ಲ. ಗಿಡ್ಡ ತೋಳಿನ ಆ ಅಂಗಿಯನ್ನೇ ತೊಡಿಸಿ ಮಣ್ಣು ಮಾಡಿದೆವು.

ಈಗ ಆ ಸಾಲು ಬಂದಾಗ ನನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ಊರಿನ ಎಲ್ಲರ ದನಿ ತೆಗೆಯುವವನು ನಾನು, ಅಲ್ಲಿ ನನ್ನದು ತೆಗೆಯಲಾರೆ. ಮುಂಜಾನೆ ಎದ್ದು ಆ ಟೇಲರನ ಹೆಸರು ಹಿಡಿದು ಬೇಡುತ್ತೇನೆ. ಮೊದಮೊದಲು ಅವನಿಗೆ ಬುದ್ಧಿ ಕೊಡು ಎನ್ನುತ್ತಿದ್ದೆ. ಹೋದ ರವಿವಾರ ಅರ್ಧ ಸಾಲು ಬಂತು.