ಒಂದು ಮುದ್ದೆ ಹೆಚ್ಚು

ಕೋಲಾರ್ ಗೋಲ್ಡ್ ಫೀಲ್ಡಿನ ಕೋರಮಂಡಲ್‌ಗೆ ಬಂದ ಮೊದಲ ಬೆಳಗ್ಗೆ ಹಲ್ಲುಜ್ಜುತ್ತಾ ಹಿಂದಿರುಗಿ ನೋಡಿದರೆ, ಯಾರೋ ಹೆಂಗಸು ನನ್ನ ಅಡುಗೆಮನೆಯಲ್ಲಿ ನಿಂತು ಸಕ್ಕರೆ ಡಬ್ಬಿ ಹುಡುಕುತ್ತಿದ್ದಳು. ಬಾಗಿಲು ತಟ್ಟಿರಲಿಲ್ಲ. "ಸಾಪ್ಟಿಯಾ?" ಎಂದಳು. ತಮಿಳಿನಲ್ಲಿ ಊಟ ಆಯಿತಾ ಎಂದು ಕೇಳುವ ಬಗೆ ಅದು. ಗಾಬರಿಯಲ್ಲಿ ನಾನು ಹಿಂದಿನ ದಿನದಿಂದ ತಿಂದದ್ದನ್ನೆಲ್ಲ ಒಪ್ಪಿಸಿದೆ: ಎರಡು ಬನ್ನು, ಅರ್ಧ ಸೌತೆಕಾಯಿ, ಅದಕ್ಕೆ ಉಪ್ಪು ಇರಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು, "ಉಪ್ಪು ನಮ್ಮನೇಲಿ ಐತೆ, ತಗೊಂಡೋಗು" ಎಂದಳು. ಪಕ್ಕದ ಮನೆಯ ಸೆಲ್ವಿ ಅಕ್ಕ ನನಗೆ ಪರಿಚಯವಾದದ್ದು ಹೀಗೆ.

ಬಂಗಾರಪೇಟೆ ಕಡೆಯ ನನ್ನವರು ಇದನ್ನು ಓದಿ ನಗುತ್ತಾರೆಂದು ಗೊತ್ತು. ಇಪ್ಪತ್ತು ಕಿಲೋಮೀಟರೂ ಇಲ್ಲದ ದೂರಕ್ಕೆ ವಲಸೆ ಅನ್ನುವ ದೊಡ್ಡ ಹೆಸರೇ? ನಗಿ. ನಮ್ಮೂರಲ್ಲಿ ಊಟ ಆಯಿತಾ ಎಂದವರಿಗೆ ಹೀಗೆ ಲೆಕ್ಕ ಒಪ್ಪಿಸಿದರೆ ಪೊಗರು ಅನ್ನುತ್ತಿದ್ದರು. ಇಲ್ಲಿ ಉಪ್ಪು ಕೊಟ್ಟರು. ನನ್ನ ಮಟ್ಟಿಗೆ ಇದು ಬೇರೆ ದೇಶವೇ.

ಆದರೆ ಈ ದೇಶದ ನೆಲ ಪೊಳ್ಳು. ನಮ್ಮೂರಲ್ಲಿ ಅಗೆದರೆ ನೀರು ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ. ಇಲ್ಲಿ ಕೆಳಗೆ ಸುರಂಗಗಳಿವೆ, ಅವುಗಳಲ್ಲಿ ಈಗ ಯಾರೂ ಇಲ್ಲ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಯಲ್ಲಿ ಚಾಪೆ ಹಾಸಿ ಮಲಗಿದರೆ, ಆ ಖಾಲಿತನ ಬೆನ್ನಿಗೆ ತಿಳಿದಂತಾಗಿ ಹೆದರಿಕೆಯಾಗುತ್ತಿತ್ತು. ಸೆಲ್ವಿ ಅಕ್ಕನ ಅಪ್ಪ ಅಲ್ಲಿ ಕೆಳಗೆ ದುಡಿದವರು. ಗಣಿಯ ಸೈರನ್ನಿಗೆ ಇಲ್ಲಿ ಸಂಗು ಅನ್ನುತ್ತಾರೆ. ಅದು ನಿಂತು ಇಪ್ಪತ್ತು ವರ್ಷ ದಾಟಿದೆ. ಆದರೂ ಮಧ್ಯಾಹ್ನದ ಪಾಳಿ ಬದಲಾಗುತ್ತಿದ್ದ ಹೊತ್ತಿಗೆ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ.

ನಾನು ಇಲ್ಲಿಗೆ ಬಂದದ್ದು ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ. ಅದಕ್ಕೂ ಮುಂಚೆ ಗಂಡನ ಮನೆಯವರು ನನ್ನನ್ನು ವಾಪಸು ಕಳಿಸಿದ್ದರು. ಮಾವ ತೀರಿಕೊಂಡ ದಿನ ಎಲ್ಲರೂ ಗೋಳಾಡುತ್ತಿದ್ದರೆ, ನಾನು ಆ ಸದ್ದು ತಾಳಲಾರದೆ ಕಿವಿ ಮುಚ್ಚಿಕೊಂಡು ಹಿತ್ತಲಿನಲ್ಲಿ ಪಾತ್ರೆಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತಿದ್ದೆ. "ಈ ಉಡ್ಗೀಗೆ ಮನಸೇ ಇಲ್ಲ" ಎಂದರು ಅತ್ತೆ. ನನಗೆ ದುಃಖವಾಗಿತ್ತು, ಆದರೆ ತೋರಿಸಲು ಬರಲಿಲ್ಲ. ಅಂದಿನಿಂದ ಅದೊಂದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು: ನಿಜವಾಗಿಯೂ ನನಗೆ ಮನಸ್ಸಿಲ್ಲವೇ?

ಲ್ಯಾಬಿಗೆ ಬರುವ ಡಾಕ್ಟರಮ್ಮ ಒಂದು ದಿನ ನನ್ನನ್ನು ಕೂರಿಸಿಕೊಂಡು, ದೊಡ್ಡವರಿಗೂ ಆಟಿಸಂ ಇದೆಯೇ ಎಂದು ನೋಡುತ್ತಾರೆ, ಬೆಂಗಳೂರಿಗೆ ಹೋಗಿ ತೋರಿಸಿಕೊ ಎಂದರು. ಎರಡು ಸಲ ಒಬ್ಬಳೇ ಹೋದೆ. ಮೂರನೇ ಸಲಕ್ಕೆ, ನಾನು ಮಗುವಾಗಿದ್ದಾಗ ನನ್ನನ್ನು ಕಂಡವರು ಬರಬೇಕೆಂದರು. ಅಂದರೆ ಅಮ್ಮ. ಅಮ್ಮ ನಾನು ಬಂದ ಮೇಲೆ ಒಂದು ಸಲವೂ ಕೋರಮಂಡಲ್‌ಗೆ ಕಾಲಿಟ್ಟಿರಲಿಲ್ಲ. "ಆ ಕಡೆ ಮಾತ್ರ ಕರೀಬ್ಯಾಡ" ಅನ್ನುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. ಬೆಂಗಳೂರಾದರೆ ಸರಿ ಎಂದು ಒಪ್ಪಿದಳು. ನಾನು ಮಾರಿಕುಪ್ಪಂನಿಂದ ಬರುವ ರೈಲನ್ನು ಕೋರಮಂಡಲ್‌ನಲ್ಲಿ ಹತ್ತಿದೆ, ಅಮ್ಮ ಬಂಗಾರಪೇಟೆಯಲ್ಲಿ ಹತ್ತಿದಳು.

ಇವರು ಚಿಕ್ಕವರಿದ್ದಾಗ ಹೇಗಿದ್ದರು ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು. ಅಮ್ಮ ಸೆರಗಿನ ತುದಿ ಸುತ್ತುತ್ತಾ ಹೇಳತೊಡಗಿದಳು.

"ಸಂಗು ಕೂಗಿದ್ರೆ ಸಾಕು ಮೇಡಂ, ಎಲ್ಡೂ ಕಿವಿ ಮುಚ್ಕೊಂಡು, ಅದು ಕೂಗೋ ಕಡೀಕೇ ಓಡೋದು. ಒಡ್ದೋದ ಮುದ್ದೆ ಇಕ್ಕಿದ್ರೆ ಮುಟ್ತಿರ್ಲಿಲ್ಲ. ಉಂಡೆ ಸರೀಗಿರ್ಬೇಕು."

ಡಾಕ್ಟರು ಬರೆದುಕೊಳ್ಳುತ್ತಿದ್ದರು. ತಪ್ಪು ದಾಖಲಾಗುವುದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗದ ಕೆಲಸ.

"ಅಮ್ಮ, ನಮ್ಮೂರಿಗೆ ಸಂಗು ಕೇಳಿಸ್ತಿರ್ಲಿಲ್ಲ. ಕೇಳಿಸ್ತಿದ್ದದ್ದು ಗಣಿ ಪಕ್ಕದ ನಿನ್ನ ತವರಿಗೆ. ಇದು ನಾನಲ್ಲ."

ಅಮ್ಮ ಸೆರಗಿನ ತುದಿ ಬಿಟ್ಟಳು. ಆಮೇಲೆ, "ನೀನಲ್ಲ ಕಣೇ. ಚಲಪತಿ. ನನ್ ತಮ್ಮ" ಎಂದಳು.

ನನಗೊಬ್ಬ ಸೋದರಮಾವ ಇದ್ದನೆಂದು ಇಪ್ಪತ್ತೇಳು ವರ್ಷ ಯಾರೂ ಹೇಳಿರಲಿಲ್ಲ. ಅವನು ದಿನಾ ಪಾಳಿಯ ಹೊತ್ತಿಗೆ ಹೋಗಿ ಗಣಿಯ ಗೇಟಿನ ಮುಂದೆ ನಿಲ್ಲುತ್ತಿದ್ದನಂತೆ. ಗಣಿ ಮುಚ್ಚಿ ಸಂಗು ನಿಂತ ಮೇಲೂ ಹೋಗುತ್ತಿದ್ದ. ಒಂದು ದಿನ ಹೋದವನು ಬರಲಿಲ್ಲ. ರೈಲು ಹತ್ತಿದ ಎಂದರು ಕೆಲವರು, ಗಣಿಯ ಹಳೇ ಗುಂಡಿಗೆ ಬಿದ್ದ ಎಂದರು ಕೆಲವರು. ಆಗ ನನಗೆ ಮೂರು ವರ್ಷ.

"ಸರಿ ಅಮ್ಮ, ಈಗ ಮಗಳ ಬಗ್ಗೆ ಹೇಳಿ" ಎಂದರು ಡಾಕ್ಟರು ಮೆಲ್ಲಗೆ.

"ಇವಳ್ದು ನಂಗೊತ್ತಿಲ್ಲ ಮೇಡಂ. ಕುಕ್ಕರ್ ಕೂಗ್ದಾಗ ಇವ್ಳೂ ಅಂಗೇ ಕಿವಿ ಮುಚ್ಕೊಂಡ್ಳು. ಅವತ್ತಿಂದ ನಾನು ಇವಳ ಮುಖ ಸರೀಗೆ ನೋಡ್ಲೇ ಇಲ್ಲ. ನೋಡಿದ್ರೆ ಅವ್ನೇ ಕಾಣ್ತಿದ್ದ."

ಕಣ್ಣು ಕೊಟ್ಟು ಮಾತಾಡುವುದಿಲ್ಲ ಎಂದು ಜೀವನವಿಡೀ ಬೈಸಿಕೊಂಡವಳು ನಾನು. ಮೊದಲು ಕಣ್ಣು ತಪ್ಪಿಸಿದ್ದು ಅಮ್ಮ ಎಂದು ಅಲ್ಲಿ ತಿಳಿಯಿತು. ಸಿಟ್ಟು ಬಂತು. ಅಮ್ಮ ಮತ್ತೆ ಸೆರಗಿನ ತುದಿ ಸುತ್ತತೊಡಗಿದ್ದನ್ನು ಕಂಡು ಅಳುವೂ ಬಂತು.

ಮಧ್ಯಾಹ್ನದ ಮೇಲೆ ಡಾಕ್ಟರು, ಹೌದು, ನಿಮಗೆ ಆಟಿಸಂ ಇದೆ ಎಂದರು. ಮನಸ್ಸಿಲ್ಲದ್ದಕ್ಕೆ ಇಡುವ ಹೆಸರಲ್ಲ ಇದು ಎಂದೂ ಹೇಳಿದರು. ಇನ್ನೊಮ್ಮೆ ಹೇಳಿ ಎಂದು ಕೇಳಿದೆ, ಹೇಳಿದರು.

ವಾಪಸು ಬರುವಾಗ ಬಂಗಾರಪೇಟೆ ಬಂತು. ಅಮ್ಮ ಸೀಟಿನಿಂದ ಏಳಲಿಲ್ಲ.

ಕೋರಮಂಡಲ್‌ನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಸೆಲ್ವಿ ಅಕ್ಕ ಎಂದಿನಂತೆ ಒಳಗೆ ನುಗ್ಗಿದಳು, ವಿಷಯ ಕೇಳಿದಳು. ಚಲಪತಿಯ ಬಗ್ಗೆ ಹೇಳಿದೆ. "ಗೇಟ್ ಹತ್ರ ಕಿವಿ ಮುಚ್ಕೊಂಡು ನಿಲ್ತಿದ್ನಲ್ಲ, ಅವನಾ? ನಮ್ಮಪ್ಪ ದಿನಾ ಟೀ ಕೊಡಿಸೋರು ಅವನಿಗೆ. ಕುಡಿದು ಲೋಟ ತೊಳೆದಿಟ್ಟು ಹೋಗ್ತಿದ್ದ" ಎಂದಳು. ಅಮ್ಮ ಆಕೆಯ ಎರಡೂ ಕೈ ಹಿಡಿದುಕೊಂಡು ಜೋರಾಗಿ ಅತ್ತಳು. ಈ ಸಲ ನಾನು ಕಿವಿ ಮುಚ್ಚಿಕೊಂಡೇ ಪಕ್ಕದಲ್ಲಿ ಕೂತೆ, ಎದ್ದು ಹೋಗಲಿಲ್ಲ.

ಅಮ್ಮ ಮುದ್ದೆಗಿಟ್ಟಳು. ಊರಿನ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮೂವರಿದ್ದರೂ ದಿನಾ ನಾಲ್ಕು ಮುದ್ದೆ ಕಟ್ಟುತ್ತಿದ್ದಳು. ಒಂದನ್ನು ಗೋಡೆಯ ಗೂಡಿನಲ್ಲಿ ಮುಚ್ಚಿಟ್ಟು, ಬೆಳಗ್ಗೆ ಹಸುವಿಗೆ ಹಾಕುತ್ತಿದ್ದಳು. ಮೂವರಿಗೆ ನಾಲ್ಕು ಯಾಕೆ ಎಂದು ಕೇಳಿ ಚಿಕ್ಕಂದಿನಲ್ಲಿ ಎಷ್ಟು ಸಲ ಬೆನ್ನಿಗೆ ಏಟು ಬಿದ್ದಿದೆಯೋ. ಅಂದು ನಾವಿಬ್ಬರೇ ಇದ್ದೆವು, ಅಮ್ಮ ಮೂರು ಕಟ್ಟಿದಳು. ಯಾರಿಗೆಂದು ಈ ಸಲ ಕೇಳಬೇಕಾಗಲಿಲ್ಲ. ಉಣ್ಣುವಷ್ಟು ಹೊತ್ತೂ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ನನಗೆ ಕಷ್ಟ, ಆದರೂ ಬೇಡ ಅನ್ನಲಿಲ್ಲ.

ಊರಿಗೆ ಹೋದರೆ ಕೋಲಾರ್ ಗೋಲ್ಡ್ ಫೀಲ್ಡಿನವಳು ಬಂದಳು ಅನ್ನುತ್ತಾರೆ. ಇಲ್ಲಿ ನಾನು ಬಂಗಾರಪೇಟೆ ಪೊಣ್ಣು, ಅಂದರೆ ಬಂಗಾರಪೇಟೆ ಹುಡುಗಿ. ಎರಡೂ ಕಡೆ ಅರ್ಧ ಅರ್ಧ. ನೆಲ ಈಗಲೂ ಪೊಳ್ಳು, ಈಗಲೂ ಬೆನ್ನಿಗೆ ತಿಳಿಯುತ್ತದೆ. ಆದರೆ ಅಲ್ಲಿ ಯಾರೂ ಇಲ್ಲ ಎಂದು ಇನ್ನು ನಾನು ಹೇಳಲಾರೆ. ಒಬ್ಬಳೇ ಇರುವ ಈ ಮನೆಯಲ್ಲಿ ದಿನಾ ಎರಡು ಮುದ್ದೆ ಕಟ್ಟುತ್ತೇನೆ. ಎರಡನೆಯದು ಒಡೆಯದಂತೆ ನೋಡಿಕೊಳ್ಳುತ್ತೇನೆ.